ಅಡುಗೆಮನೆ ಬಟನ್, ಕಾರಿನ ಫ್ಯಾನು

ಜಗದೇವಿ: ನನ್ನ ಅಡಗಿಮನಿ ಬಟನ್ ಎಲ್ಲದ ಅಂತ ನಾ ಕೇಳಾಕತ್ತೀನಿ, ನೀವು ಮೋಟರಿನ ಪುರಾಣ ಹೇಳಾಕತ್ತೀರಿ.

ಅಂಬರೇಶ: ಬಟನ್ ಎಲ್ಲೂ ಹೋಗಿಲ್ಲ. ಅದಕ್ಕ ಪ್ರಮೋಷನ್ ಸಿಕ್ಕದ. ಅಡಗಿಮನಿಯಿಂದ ಕಾರಿಗೆ ಬಂದದ.

ಜಗದೇವಿ: ಗ್ವಾಡಿಯಾಗ ತೂತು ಬಿದ್ದದ. ಅದರಾಗಿಂದ ಜಿರಳಿ ಇಣಕಿ ಇಣಕಿ ನನ್ನ ನೋಡಾಕತ್ತದ.

ಅಂಬರೇಶ: ನೋಡಲಿ ಬಿಡು. ನಾ ನಿನ್ನ ನೋಡಿ ಭಾಳ ದಿನ ಆತು ಅಂತ ನೀನೇ ಅಂತಿದ್ದೆಲ್ಲ.

ವಾಡಿಯ ಸಿಮೆಂಟ್ ಕಾರ್ಖಾನೆಯ ಕ್ವಾರ್ಟರ್ಸಿನ ಮುಂದೆ ಅಂಬರೇಶನ ಹಳೆಯ ಬಿಳಿ ಕಾರು ಬಾನೆಟ್ಟು ತೆರೆದುಕೊಂಡು ನಿಂತಿತ್ತು. ಬಿಳಿ ಎಂಬುದು ಕಾಗದದ ಮೇಲಿನ ಮಾತು. ವಾಡಿಯಲ್ಲಿ ನಿಂತ ಯಾವ ಕಾರಿಗೂ ಎರಡೇ ದಿನದಲ್ಲಿ ಸಿಮೆಂಟಿನ ಬಣ್ಣ ಬರುತ್ತದೆ. ಹೋದ ವಾರ ಇಲಿಗಳು ಒಳಗೆ ಹೊಕ್ಕು ರೇಡಿಯೇಟರ್ ಫ್ಯಾನಿನ ವಾಯರನ್ನು ತಿಂದು ಹಾಕಿದ್ದವು. ಇಂಜಿನ್ ಕಾದಾಗ ಫ್ಯಾನನ್ನು ತಾನಾಗಿಯೇ ಚಾಲೂ ಮಾಡುವ ಸಣ್ಣ ಪುರ್ಜೆಯೂ ಅದೇ ಸಮಯ ನೋಡಿ ಕೈಕೊಟ್ಟಿತ್ತು. ಮೆಕ್ಯಾನಿಕ್ ಮೌಲಾಲಿ, 'ಪುರ್ಜೆ ಬರಬೇಕ್ರಿ, ನಾಕು ದಿನ ತಡೀರಿ' ಎಂದಿದ್ದ. ಅಂಬರೇಶನಿಗೆ ಆ ಮಾತು ಅವಮಾನವೆನಿಸಿತು. ಅವನು ಕಾರ್ಖಾನೆಯ ಎಲೆಕ್ಟ್ರಿಕಲ್ ಸೆಕ್ಷನ್ನಿನ ಮನುಷ್ಯ. ಈ ಕಾರಿಗಿಂತ ದೊಡ್ಡ ಮೋಟರುಗಳು ದಿನಾ ಅವನ ಕೈಯಲ್ಲಿ ತಿರುಗುತ್ತವೆ. ಮೋಟರು ರಿಪೇರಿಯಾಗಿ ಬಂದರೆ ಅದು ಸರಿಯಾದ ದಿಕ್ಕಿಗೆ ತಿರುಗುತ್ತದೆಯೋ ಇಲ್ಲವೋ ಎಂದು ನೋಡಿ ಸಹಿ ಹಾಕುವುದೇ ಅವನ ಕೆಲಸ. ಅಂಥವನು ಒಂದು ಗೇಣಿನ ಫ್ಯಾನಿಗಾಗಿ ನಾಲ್ಕು ದಿನ ಕಾಯುವುದೇ? ಭಾನುವಾರ ಕೂತು ಹೊಸ ವಾಯರ್ ಎಳೆದ. ಕೆಟ್ಟ ಪುರ್ಜೆಯ ಬದಲು ಅಡುಗೆಮನೆಯ ಗೋಡೆಯಿಂದ ಕಿತ್ತ ಬಟನ್ನನ್ನು ಸ್ಟೇರಿಂಗಿನ ಪಕ್ಕದಲ್ಲಿ ಕೂಡಿಸಿದ.

ಅಂಬರೇಶ: ಬಟನ್ ಮಾತು ಆಮ್ಯಾಲೆ. ಮೊದಲು ಇಲ್ಲಿ ಬಾ. ಗಾಡಿ ಮುಂದ ನಿಂದರು. ಮಾರಿ ಸ್ವಲ್ಪ ಬಗ್ಗಸು. ಹಚ್ಚಾಕತ್ತೀನಿ ನೋಡು. ಬಂತೋ ಇಲ್ಲೋ ಗಾಳಿ?

ಜಗದೇವಿ: ಬಂತ್ರಿ. ಹಣಿಮ್ಯಾಲಿನ ಕುಂಕುಮ ಹಾರಿಹೋಗೋವಷ್ಟು ಬಂತು.

ಅಂಬರೇಶ: ಮೊದಲನೇ ಸಲ ಹಚ್ಚಿದಾಗ ಹೆಂಗಿತ್ತು ಗೊತ್ತದೇನು? ಫ್ಯಾನೇನೋ ತಿರಗತಿತ್ತು, ಮಾರಿಗೆ ಮಾತ್ರ ಒಂದು ಚೂರೂ ಗಾಳಿ ಇಲ್ಲ. ಬ್ಯಾರೆ ಯಾರರ ಆಗಿದ್ರ ಮೋಟರೇ ಸತ್ತದ ಅಂತ ಕೈ ಬಿಡ್ತಿದ್ರು. ನಾ ಎರಡೂ ವಾಯರ್ ಅದಲು ಬದಲು ಮಾಡಿದೆ. ಬಡದೇ ಬಿಡ್ತು ಗಾಳಿ ಮಾರಿಗೆ! ಇದಕ್ಕ ಅನುಭವ ಅಂತಾರ.

ಜಗದೇವಿ: ಅಲ್ರೀ, ನಾವು ಕುಂದರೋದು ಗಾಡಿ ಒಳಗ. ಇದು ಹೊರಗ ಬೀಸಾಕತ್ತದ. ರಸ್ತಾದಾಗ ಹೋಗೋ ಮಂದಿಗೆ ಗಾಳಿ ಹಾಕೋ ಹರಕಿ ಏನರ ಹೊತ್ತೀರೇನು?

ಅಂಬರೇಶ: ಇದು ನಮಗಲ್ಲ, ಇಂಜಿನ್‌ಗೆ.

ಜಗದೇವಿ: ಇಂಜಿನ್ ಹಿಂದ ಅದ, ಗಾಳಿ ಮುಂದ ಬರಾಕತ್ತದ.

ಅಂಬರೇಶ: ನಿನಗ ಟೆಕ್ನಿಕಲ್ ತಿಳಿಯಂಗಿಲ್ಲ. ಸೀರಿ ಎಲ್ಲದ? ಹಸರು ಸೀರಿ? ಅದನ್ನ ಮೊದಲು ಗಾಡಿಯಾಗ ಇಡು.

ಹಸಿರು ಸೀರೆ ಎಂದೊಡನೆ ಜಗದೇವಿ ಬಟನ್ನಿನ ಮಾತು ಬಿಟ್ಟು ಒಳಗೆ ಓಡಿದಳು. ಆ ದಿನ ಸೇಡಂನ ತವರುಮನೆಯಲ್ಲಿ ಅವಳ ತಂಗಿ ಪ್ರೀತಿಯ ಕುಬಸ. ಬಸುರಿ ತಂಗಿಗೆ ಹಸಿರು ಸೀರೆ ಉಡಿಸಿ, ಮೊದಲ ಉಡಿ ತುಂಬಬೇಕಾದವಳು ಅಕ್ಕ. ಹನ್ನೆರಡರೊಳಗೆ ಆಗಬೇಕು. ಬೀಗರು ಆಗಲೇ ಬಂದು ಕೂತಿದ್ದರು. ಸೀರೆ ಬಂದರೆ ಶುರು, ಇಲ್ಲದಿದ್ದರೆ ಇಲ್ಲ.

ಅಂಬರೇಶನಿಗೆ ಸೀರೆಗಿಂತ ದೊಡ್ಡ ಚಿಂತೆ ಬೇರೆ ಇತ್ತು. ಹೋದ ಬಾರಿ ಸೇಡಂಗೆ ಹೋದಾಗ ದಾರಿಯಲ್ಲಿ ಇಂಜಿನ್ ಕುದಿದು, ತೊಗರಿ ಚೀಲ ಹೇರಿದ ಟ್ರ್ಯಾಕ್ಟರಿನ ಹಿಂದೆ ಹಗ್ಗ ಕಟ್ಟಿಸಿಕೊಂಡು ಮಾವನ ಮನೆಯ ಓಣಿಗೆ ಬಂದಿದ್ದ. ಸ್ಟೇರಿಂಗು ಹಿಡಿದು ಗಂಭೀರವಾಗಿ ಕೂತಿದ್ದನಾದರೂ ಓಣಿಯ ಮಂದಿಗೆ ಹಗ್ಗ ಕಂಡಿತ್ತು. ಅಂದಿನಿಂದ ಅತ್ತೆ ಭೀಮಮ್ಮ ಫೋನು ಮಾಡಿದಾಗಲೆಲ್ಲ ಕೇಳುವ ಪ್ರಶ್ನೆ ಒಂದೇ. ಈ ಬೆಳಿಗ್ಗೆಯೂ ಕೇಳಿದ್ದಳು.

ಭೀಮಮ್ಮ (ಫೋನಿನಲ್ಲಿ): ಅಳಿಯಂದ್ರ, ಈ ಸಲ ಗಾಡಿ ಮ್ಯಾಲೆ ಬರ್ತೀರೋ, ಇಲ್ಲಾ ಗಾಡಿ ತರ್ತೀರೋ?

ಈ ಸಲ ಗಾಡಿಯ ಮೇಲೆಯೇ ಬರುವುದೆಂದು ಅವನು ಮನಸ್ಸಿನಲ್ಲಿ ಶಪಥ ಮಾಡಿದ್ದ. ಬೀಗರ ಮುಂದೆ, ಭಾವಮೈದುನ ಭಾಗಣ್ಣನ ಮುಂದೆ, ಹಗ್ಗವಿಲ್ಲದೆ. ಭಾಗಣ್ಣ ಸೇಡಂನಲ್ಲಿ ಬಾಡಿಗೆ ಜೀಪು ಓಡಿಸುವವನು. ಗಾಡಿಯ ವಿಷಯದಲ್ಲಿ ಅವನ ಮುಂದೆ ತಲೆ ತಗ್ಗಿಸುವುದೆಂದರೆ ಅಂಬರೇಶನಿಗೆ ಊಟ ಸೇರುತ್ತಿರಲಿಲ್ಲ.

ಅಷ್ಟರಲ್ಲಿ ಪಕ್ಕದ ಓಣಿಯ ಹಾಜಿಸಾಬ ಬಂದರು. ರೈಲ್ವೆಯಲ್ಲಿ ದುಡಿದು ನಿವೃತ್ತರಾದವರು. ಆದಿತ್ಯನಗರದಲ್ಲಿ ಮಗಳು ಸೈದಾನಬಿಯ ಮನೆ ಇತ್ತು. ಅಲ್ಲಿಯತನಕ ಕಾರಿನಲ್ಲಿ ಬರುವುದೆಂದು ಹಿಂದಿನ ದಿನವೇ ಮಾತಾಗಿತ್ತು. ಹೆಗಲ ಮೇಲೆ ಟವೆಲ್, ಕೈಯಲ್ಲಿ ದೊಡ್ಡ ನೀರಿನ ಕ್ಯಾನ್.

ಅಂಬರೇಶ: ಸಲಾಂ ಹಾಜಿಸಾಬ. ಆದಿತ್ಯನಗರದಾಗ ನೀರು ಬರಂಗಿಲ್ಲೇನು? ಕ್ಯಾನ್ ಹೊತ್ತುಕೊಂಡು ಬಂದೀರಿ.

ಹಾಜಿಸಾಬ: ನೀರು ಮಗಳಿಗಲ್ಲ ಅಂಬರೇಶಪ್ಪ, ನಿಮ್ಮ ಗಾಡಿಗೆ. ಖಾಲಿ ಕೈಲೆ ಹೆಂಗ ಕುಂದರಲಿ?

ಜಗದೇವಿ ಸೆರಗು ಬಾಯಿಗೆ ಹಿಡಿದು ನಕ್ಕಳು. ಅಂಬರೇಶ ಬಾನೆಟ್ಟನ್ನು ಸ್ವಲ್ಪ ಜೋರಾಗಿಯೇ ಮುಚ್ಚಿದ. ಬಟನ್ ಒತ್ತಿ ಫ್ಯಾನ್ ಚಾಲೂ ಮಾಡಿ ಹೊರಟ.

ಬೆಳಗಿನ ಹತ್ತಕ್ಕೇ ಬಿಸಿಲು ತಲೆ ಮೇಲೆ ಕೂತಿತ್ತು. ನೆಲಕ್ಕೆ ಹಾಸುವ ಪರ್ಸಿ ಕಲ್ಲು ಹೇರಿದ ಲಾರಿಗಳು ಧೂಳೆಬ್ಬಿಸುತ್ತ ಎದುರಾದವು. ಅಂಬರೇಶನ ಕಣ್ಣು ರಸ್ತೆಯ ಮೇಲಿಗಿಂತ ಹೆಚ್ಚಾಗಿ ಇಂಜಿನ್ನಿನ ಬಿಸಿ ತೋರಿಸುವ ಮುಳ್ಳಿನ ಮೇಲೆಯೇ ಇತ್ತು. ಮುಳ್ಳು ಅಲ್ಲಾಡಲಿಲ್ಲ. ಚಿತ್ತಾಪುರ ಹತ್ತಿರವಾದರೂ ಕೆಳಗೇ ಸುಮ್ಮನೆ ಕೂತಿತ್ತು.

ಅಂಬರೇಶ: ನೋಡಿದ್ರೇನು ಹಾಜಿಸಾಬ? ಮುಳ್ಳು ಮಲಗೇ ಬಿಟ್ಟದ. ಇದಕ್ಕ ಫ್ಯಾನ್ ಅಂತಾರ, ಇದಕ್ಕ ವೈರಿಂಗ್ ಅಂತಾರ. ಮೌಲಾಲಿ ಈ ಗಾಡಿ ನೋಡಿದ್ರ ತನ್ನ ಗ್ಯಾರೇಜಿಗೆ ಬೀಗ ಹಾಕ್ತಾನ.

ಹಾಜಿಸಾಬ: ಬರೋಬರ್ ಅದ. ನಮ್ಮ ಕಾಲದ ಇಂಜಿನ್‌ಗೂ ಇಷ್ಟು ಶಾಂತಿ ಇರಲಿಲ್ಲ. ನೀರು ಹಾಕಲೇನು ಸ್ವಲ್ಪ?

ಅಂಬರೇಶ: ನೀರು ಯಾಕ್ರಿ? ಫ್ಯಾನ್ ಹೆಂಗ ತಿರಗಾಕತ್ತದ ಅಂದ್ರ...

ಹೇಳುತ್ತ ಹೆಮ್ಮೆಯಿಂದ ಬಟನ್ನಿನ ಕಡೆ ಕೈ ತೋರಿಸಿದ. ತೋರಿಸಿದ ಕೈ ಅಲ್ಲಿಯೇ ನಿಂತಿತು.

ಅಂಬರೇಶ: ಇದನ್ನ ಯಾರು ಬಂದ್ ಮಾಡಿದ್ರು?

ಜಗದೇವಿ: ನಾನು.

ಅಂಬರೇಶ: ಯಾವಾಗ?

ಜಗದೇವಿ: ವಾಡಿ ದಾಟೋಕಿಂತ ಮೊದಲೇ.

ಅಂಬರೇಶ: ಯಾಕ?

ಜಗದೇವಿ: ಅದರ ಮುಂದ ಯಾರ ಕುಂತಾರ? ಮನಷ್ಯಾರು ಇಲ್ಲದ ಕಡೆ ಫ್ಯಾನ್ ತಿರಗಿದ್ರ ನನಗ ಹೊಟ್ಟ್ಯಾಗ ಸಂಕಟ ಆಗ್ತದ. ಅದೂ ನನ್ನ ಬಟನ್.

ಜಗದೇವಿಗೆ ಇದು ಹುಟ್ಟುಗುಣ. ಕ್ವಾರ್ಟರ್ಸಿನಲ್ಲಿ ಅಂಬರೇಶ ಊಟದ ನಡುವೆ ಕೈ ತೊಳೆಯಲು ಎದ್ದರೂ, ತಿರುಗಿ ಬರುವುದರೊಳಗೆ ಫ್ಯಾನು ನಿಂತಿರುತ್ತಿತ್ತು. ಒಮ್ಮೆ ಅವನು ನಿದ್ದೆಯಲ್ಲಿ ಗೊರಕೆ ಹೊಡೆಯುತ್ತಿದ್ದಾಗ, 'ನಿದ್ದಿ ಹತ್ತೇದಲ್ಲ, ಇನ್ನ ಗಾಳಿ ಯಾಕ' ಎಂದು ನಿಲ್ಲಿಸಿದ್ದಳು. ಇದೆಲ್ಲ ಗೊತ್ತಿದ್ದೂ ಅದೇ ಮನೆಯ ಬಟನ್ನನ್ನು ತಂದು ಅವಳ ಕೈಗೆ ಎಟಕುವಂತೆ ಕೂಡಿಸಿದ್ದು ಯಾರ ಬುದ್ಧಿ ಎಂದು ಅಂಬರೇಶ ಆ ಕ್ಷಣ ತನ್ನನ್ನೇ ಕೇಳಿಕೊಂಡ. ಉತ್ತರ ಇಷ್ಟವಾಗಲಿಲ್ಲ. ಹಾಗಾಗಿ ಹೆಂಡತಿಯ ಮೇಲೆ ರೇಗಿದ.

ಅಂಬರೇಶ: ಇಂಜಿನ್ ಸುಟ್ಟು ಹೋಗ್ತದ! ತಿಳಿತದೇನು ನಿನಗ? ಸುಟ್ಟು ಕರಕಲಾಗ್ತದ!

ಜಗದೇವಿ: ಈಗಿನ್ನ ನೀವೇ ಅಂದ್ರಿ, ಮುಳ್ಳು ಮಲಗ್ಯಾದ ಅಂತ.

ಹಾಜಿಸಾಬ: ಹೌದ್ ನೋಡ್ರಿ. ಮಲಗೇ ಅದ.

ಅಂಬರೇಶ: ಅದು ಮ್ಯಾಲಿಂದ ಕಾಣೋದು. ಒಳಗೊಳಗ ಬಿಸಿ ಕೂಡಿ ಹಾಕ್ಕೊಂಡು ಕುಂತಿರತದ. ಮುಂದ ಒಮ್ಮೆಗೇ ಏರತದ. ಹೆಣ್ಣುಮಕ್ಕಳ ಸಿಟ್ಟಿದ್ದಂಗ.

ಜಗದೇವಿ: ಹಂಗಾದ್ರ ಜ್ವಾಪಾನ ನೋಡ್ರಿ. ಇಲ್ಲಿ ಎರಡು ಕುಂತಾವ.

ಅಂಬರೇಶ ಬಟನ್ ಒತ್ತಿದ. ಮುಂದೆ ಫ್ಯಾನು ಗರ್ರೆಂದಿತು. ಆ ಸದ್ದು ಕೇಳಿದ ಮೇಲೆ ಅವನ ಎದೆ ತಣ್ಣಗಾಯಿತು.

ಅಂಬರೇಶ: ಇನ್ನ ಮ್ಯಾಲೆ ನೀ ಈ ಬಟನ್ ಮುಟ್ಟಂಗಿಲ್ಲ. ಆಣಿ ಮಾಡು.

ಜಗದೇವಿ: ಬಟನ್‌ಗ್ಯಾಕ್ರಿ ಆಣಿ?

ಅಂಬರೇಶ: ಮಾಡು ಅಂದ್ರ ಮಾಡು. ಹಾಜಿಸಾಬ ಸಾಕ್ಷಿ.

ಜಗದೇವಿ: ಸನ್ನತಿ ತಾಯಿ ಚಂದ್ರಲಾಂಬನ ಆಣಿ. ನೀವಾಗೇ ಹೇಳೋತನ ಈ ಬಟನ್ ಮುಟ್ಟಂಗಿಲ್ಲ. ಗಾಡಿಗೆ ಬೆಂಕಿ ಹತ್ತಿದ್ರೂ ಮುಟ್ಟಂಗಿಲ್ಲ. ಸಾಕೇನು?

ಅಂಬರೇಶ: ಸಾಕು.

ಚಿತ್ತಾಪುರ ದಾಟಿ ಸ್ವಲ್ಪ ದೂರ ಹೋಗುವುದರೊಳಗೆ, ಅಷ್ಟೊತ್ತು ಮಲಗಿದ್ದ ಮುಳ್ಳು ಎದ್ದು ಕೂತಿತು. ಆಮೇಲೆ ನಿಂತಿತು. ಆಮೇಲೆ ಕೆಂಪು ಗೀಟಿನ ಕಡೆಗೆ ನಡೆದೇ ಬಿಟ್ಟಿತು. ಅಂಬರೇಶ ಗಾಡಿಯ ವೇಗ ಹೆಚ್ಚಿಸಿದ. ಎದುರುಗಾಳಿ ಜೋರಾಗಿ ಬಡಿದರೆ ಇಂಜಿನ್ ತಣ್ಣಗಾಗುತ್ತದೆ ಎಂದು ಅವನ ಲೆಕ್ಕ. ಮುಳ್ಳು ಇನ್ನೂ ಜೋರಾಗಿ ಏರಿತು. ಕಡೆಗೆ ಬಾನೆಟ್ಟಿನ ಸಂದಿಯಿಂದ ಹಬೆ ಬುಸುಗುಟ್ಟಿತು. ಗಾಡಿಯನ್ನು ರಸ್ತೆಯ ಬದಿಯ ಬೇವಿನ ಗಿಡದ ಕೆಳಗೆ ನಿಲ್ಲಿಸಿ ಇಂಜಿನ್ ಬಂದ್ ಮಾಡಿದ. ಫ್ಯಾನು ಮಾತ್ರ ತಿರುಗುತ್ತಲೇ ಇರಲೆಂದು ಬಿಟ್ಟ.

ಅಂಬರೇಶ: ನೋಡಿದೇನು ನಿನ್ನ ಉಳಿತಾಯ?

ಜಗದೇವಿ: ನಂದ್ಯಾಕ್ರಿ? ನಾ ಬಂದ್ ಮಾಡಿದಾಗ ತಣ್ಣಗಿತ್ತು. ನೀವು ಹಚ್ಚಿದ ಮ್ಯಾಲೆ ಕುದೀತು.

ಅಂಬರೇಶ: ನೀ ಕೂಡಿ ಹಾಕಿದ ಬಿಸಿ ಈಗ ಹೊರಗ ಬಂತು.

ಜಗದೇವಿ: ಅದೇನು ಬ್ಯಾಂಕಿನ ಡಿಪಾಸಿಟ್ ಏನ್ರಿ, ಕೂಡಿ ಹಾಕಾಕ?

ಹಾಜಿಸಾಬ: ಝಗಡಾ ಬ್ಯಾಡ. ಮೊದಲು ನೀರು.

ಜಗದೇವಿ: ಹನ್ನೆರಡರೊಳಗ ಸೀರಿ ಮುಟ್ಟಬೇಕ್ರಿ. ಪ್ರೀತಿ ಕುರ್ಚಿಮ್ಯಾಲೆ ಕುಂತು ದಾರಿ ನೋಡಾಕತ್ತಿರತಾಳ. ಬೀಗರು ಏನಂದುಕೊಂಡಾರು? ಅಕ್ಕ ಅಂಬಾಕಿ ಒಂದು ಸೀರಿ ಹೊತ್ತಿಗೆ ತರಲಿಲ್ಲ ಅಂತಾರ.

ಅವಳು ಸೀರೆಯ ಚೀಲವನ್ನು ಮಡಿಲಿಗೆ ಎಳೆದುಕೊಂಡಳು. ಅಂಬರೇಶನಿಗೆ ಕೆಡುಕೆನಿಸಿತು. ಎದುರಿನಿಂದ ಒಂದು ಟ್ರ್ಯಾಕ್ಟರ್ ಬರುವುದು ಕಂಡು ಇನ್ನೂ ಕೆಡುಕೆನಿಸಿತು. ಟ್ರ್ಯಾಕ್ಟರಿನವನು ವೇಗ ತಗ್ಗಿಸಿ, 'ಹಗ್ಗ ಬೇಕೇನ್ರಿ?' ಎಂದ. ಅಂಬರೇಶ, 'ಗಿಡದ ನೆಳ್ಳು ಛಲೋ ಅದ ಅಂತ ಕುಂತೀವಿ' ಎಂದು ಕೈ ಬೀಸಿ ಕಳಿಸಿದ.

ಹಾಜಿಸಾಬ ಟವೆಲನ್ನು ನೀರಿನಲ್ಲಿ ನೆನೆಸಿ, ಸುಡುವ ರೇಡಿಯೇಟರಿನ ಮುಚ್ಚಳದ ಮೇಲೆ ಹಾಕಿ, ಹಬೆ ಇಳಿಯುವ ತನಕ ತಾಳ್ಮೆಯಿಂದ ಕಾದರು. ಮುಚ್ಚಳ ತೆಗೆದು ನಿಧಾನವಾಗಿ ನೀರು ತುಂಬಿದರು. ಅಷ್ಟಾದ ಮೇಲೆ ಒದ್ದೆ ಟವೆಲ್ ಒಣಗಲೆಂದು ಕಾರಿನ ಮುಂದಿನ ಜಾಲರಿಗೆ ಸಿಕ್ಕಿಸಿ, ಗಿಡಕ್ಕೆ ಒರಗಿ ನಿಂತರು.

ಟವೆಲ್ ಹಾರಾಡತೊಡಗಿತು. ಜಾಲರಿಗೆ ಅಂಟಿಕೊಳ್ಳದೆ, ಹೊರಗೆ, ರಸ್ತೆಯ ಕಡೆಗೆ ಮೈ ಚಾಚಿ ಹಾರಾಡಿತು.

ಹಾಜಿಸಾಬ: ವಾಹ್! ಅಂಬರೇಶಪ್ಪ, ಭಾರಿ ಗಾಳಿ ಅದ ನಿಮ್ಮ ಫ್ಯಾನಿಂದು. ಬಿಸಿಬಿಸಿ ಗಾಳಿ. ಈಗ ನೋಡ್ರಿ, ಒಣಗೇ ಬಿಡ್ತದ.

ಅಂಬರೇಶ ಟವೆಲ್ ನೋಡಿದ. ಇನ್ನೊಮ್ಮೆ ನೋಡಿದ. ಹತ್ತಿರ ಹೋಗಿ ಜಾಲರಿಯ ಮುಂದೆ ಕೈ ಹಿಡಿದ.

ರೇಡಿಯೇಟರಿನ ಹಿಂದೆ ಕೂತ ಫ್ಯಾನು ಹೊರಗಿನ ಗಾಳಿಯನ್ನು ಒಳಗೆ ಎಳೆದುಕೊಳ್ಳಬೇಕು. ಎಳೆದುಕೊಂಡಾಗ ಮುಂದೆ ನಿಂತವರ ಮುಖಕ್ಕೆ ಗಾಳಿ ಬರುವುದೇ ಇಲ್ಲ, ಬರಬಾರದು. ಭಾನುವಾರ ಮೊದಲ ಸಲ ಹಚ್ಚಿದಾಗ ಅದು ನೆಟ್ಟಗೇ ಇತ್ತು. ಮುಖಕ್ಕೆ ಗಾಳಿ ಬಾರದ್ದು ಎಂಥ ಫ್ಯಾನು ಎಂದು ಕಲಬುರಗಿ ಸೀಮೆಯ ಬಿಸಿಲಲ್ಲಿ ಬೆಂದ ಮನುಷ್ಯನಾಗಿ ಯೋಚಿಸಿ, ವಾಯರ್ ಅದಲು ಬದಲು ಮಾಡಿ, ಅದನ್ನು ಉಲ್ಟಾ ತಿರುಗಿಸಿದ್ದು ಸಾಕ್ಷಾತ್ ಅಂಬರೇಶನೇ. ಗಾಡಿ ಓಡುವಾಗ ಎದುರುಗಾಳಿ ಒಳಗೆ ಬರಲು ನೋಡುತ್ತಿತ್ತು. ಇವನ ಫ್ಯಾನು ಅದನ್ನು ಹೊರಗೆ ತಳ್ಳುತ್ತಿತ್ತು. ಫ್ಯಾನು ನಿಂತಿದ್ದರೇ ಗಾಡಿ ತಣ್ಣಗೆ. ಹಾಗೆಂದರೆ ವಾಡಿಯಿಂದ ಚಿತ್ತಾಪುರದತನಕ ಇಂಜಿನ್ನಿನ ಜೀವ ಕಾಪಾಡಿದ್ದು ಜಗದೇವಿಯ ಜಿಪುಣತನ.

ಕಾರ್ಖಾನೆಯಲ್ಲಿ ಮೋಟರು ತಿರುಗುವ ದಿಕ್ಕಿಗೆ ಸಹಿ ಹಾಕುವ ಅಧಿಕಾರಿ ತಾನು ಎಂಬುದು ಆಗಲೇ ನೆನಪಾಯಿತು. ನಾಳೆಯಿಂದ ಸಹಿ ಹಾಕುವ ಮೊದಲು ಎರಡು ಸಲ ನೋಡಬೇಕು ಎಂದುಕೊಂಡ.

ಎರಡು ವಾಯರ್ ಬದಲಿಸಲು ಎರಡು ನಿಮಿಷ ಸಾಕಿತ್ತು. ಆದರೆ ಬದಲಿಸಲು ಹೋದರೆ ಯಾಕೆಂದು ಹೇಳಬೇಕು. ಹೇಳಿದರೆ ಆ ಮಾತು ಸೇಡಂ ಮುಟ್ಟಲು ಕಾರು ಬೇಕಾಗಿರಲಿಲ್ಲ.

ಅಂಬರೇಶ: ಜಗದೇವಿ.

ಜಗದೇವಿ: ಏನ್ರಿ?

ಅಂಬರೇಶ: ನಾ ವಿಚಾರ ಮಾಡಿದೆ. ಸಂಸಾರ ಅಂದ್ರ ಹೆಂಡತಿ ಮಾತಿಗೂ ಕಿಮ್ಮತ್ತು ಕೊಡಬೇಕು. ನಿನಗ ಫ್ಯಾನ್ ತಿರಗಿದ್ರ ಸಂಕಟ ಆಗ್ತದಲ್ಲ? ಬಂದ್ ಮಾಡೇ ಹೋಗೂಣು.

ಜಗದೇವಿ: ಇಂಜಿನ್ ಸುಡಂಗಿಲ್ಲೇನು?

ಅಂಬರೇಶ: ಸುಟ್ರ ಸುಡಲಿ. ನಿನ್ನ ಮನಸ್ಸಿಗಿಂತ ಇಂಜಿನ್ ದೊಡ್ಡದೇನು?

ಜಗದೇವಿ ಗಂಡನನ್ನು ಕೆಳಗಿನಿಂದ ಮೇಲೆ ನೋಡಿದಳು. ಮದುವೆಯಾದಂದಿನಿಂದ ಇಂಥ ಮಾತು ಅವನ ಬಾಯಿಂದ ಬಂದಿರಲಿಲ್ಲ. ಬಿಸಿಲು ತಲೆಗೆ ಏರಿರಬೇಕೆಂದು ಕ್ಯಾನಿನಲ್ಲಿ ಉಳಿದ ನೀರನ್ನು ಕುಡಿಯಲು ಕೊಟ್ಟಳು.

ಜಗದೇವಿ: ಹಂಗಾದ್ರ ನೀವೇ ಬಂದ್ ಮಾಡ್ರಿ. ನಂದು ಆಣಿ ಅದ.

ಬಟನ್ ಬಂದ್ ಮಾಡಿ ಹೊರಟರು. ಮುಳ್ಳು ಇಳಿಯುತ್ತ ಹೋಯಿತು, ಹಳೆಯ ಜಾಗಕ್ಕೆ ಹೋಗಿ ಮಲಗಿತು. ದಾರಿಯಲ್ಲಿ ರೈಲ್ವೆ ಗೇಟು ಬಿದ್ದಾಗ, ನಿಂತ ಗಾಡಿಗೆ ಎದುರುಗಾಳಿ ಸಿಗುವುದಿಲ್ಲವೆಂದು ಅಂಬರೇಶ ಇಂಜಿನ್ ಬಂದ್ ಮಾಡಿ, ರೈಲಿನ ಡಬ್ಬಿ ಎಣಿಸುತ್ತ ಕೂತ. ಆದಿತ್ಯನಗರದ ತಿರುವಿನಲ್ಲಿ ಹಾಜಿಸಾಬ ಇಳಿದರು.

ಹಾಜಿಸಾಬ: ಶುಕ್ರಿಯಾ ಅಂಬರೇಶಪ್ಪ. ಟವೆಲ್ ಭಾಳ ಛಲೋ ಒಣಗ್ಯಾದ. ಇಸ್ತ್ರಿ ಮಾಡಿದಂಗ ಆಗ್ಯಾದ.

ಅಂಬರೇಶ: ಇರಲಿ ಬಿಡ್ರಿ ಹಾಜಿಸಾಬ. ಟವೆಲ್ ಸುದ್ದಿ ಬ್ಯಾಡ.

ಹಾಜಿಸಾಬ: ಅರೇ, ಎಲ್ಲಾರಿಗೂ ಹೇಳ್ತೀನ್ರಿ ನಾ.

ಹನ್ನೆರಡಾಗಲು ಇನ್ನೂ ಹೊತ್ತಿತ್ತು. ಸೇಡಂನ ಓಣಿಗೆ ಕಾರು ತನ್ನ ಕಾಲ ಮೇಲೆ ತಾನೇ ನಡೆದು ಬಂತು. ಅಂಬರೇಶ ಬೇಕೆಂದೇ ಎರಡು ಸಲ ಹಾರ್ನ್ ಹೊಡೆದ. ಮನೆಯ ಮುಂದೆ ಹಾಕಿದ ಪೆಂಡಾಲಿನಿಂದ ಅತ್ತೆ ಭೀಮಮ್ಮ ಹೊರಗೆ ಬಂದಳು. ಕಾರಿನ ಮುಂದೆ ನೋಡಿದಳು, ಹಿಂದೆ ನೋಡಿದಳು.

ಭೀಮಮ್ಮ: ಟ್ರ್ಯಾಕ್ಟರ್ ಎಲ್ಲಿ ಬಿಟ್ಟು ಬಂದ್ರಿ?

ಅಂಬರೇಶ: ಗಾಡಿ ಮ್ಯಾಲೇ ಬಂದೀವ್ರಿ ಅತ್ತಿ. ವೈರಿಂಗ್ ನಾನೇ ಮಾಡೀನಿ.

ಆ ಮಾತಿಗಾಗಿ ಅವನು ಆರು ತಿಂಗಳು ಕಾದಿದ್ದ. ಆದರೆ ಕೇಳುವ ಪುರುಸೊತ್ತು ಯಾರಿಗೂ ಇರಲಿಲ್ಲ. ಬೆಳಗಿನಿಂದ ಕರೆಂಟಿಲ್ಲ. ಪೆಂಡಾಲಿನಲ್ಲಿ ಬಾಡಿಗೆಗೆ ತಂದ ದೊಡ್ಡ ಫ್ಯಾನುಗಳು ಸುಮ್ಮನೆ ನಿಂತಿದ್ದವು. ಜಗದೇವಿ ಒಳಗೆ ಓಡಿ ಸೀರೆ ಉಡಿಸಿ ತಂಗಿಯನ್ನು ಕುರ್ಚಿಗೆ ಕರೆತಂದಳು. ತುಂಬು ಬಸುರಿ ಪ್ರೀತಿ, ಭಾರದ ಸೀರೆ, ಮೊಣಕೈ ತನಕ ಹಸಿರು ಬಳೆ, ಕೊರಳ ತುಂಬ ಮಾಲೆ. ಮುಖ ಬೆವರಿ ಬಿಳಿಚಿಕೊಂಡಿತ್ತು. ಬೀಗರ ಕಡೆಯ ಹೆಂಗಸರು ತಾಟಿನಿಂದ ಗಾಳಿ ಹಾಕುತ್ತಿದ್ದರು.

ಪ್ರೀತಿ: ಅಕ್ಕಾ, ತಲಿ ಸುತ್ತಾಕತ್ತದ.

ಜಗದೇವಿ ಒಂದು ಕ್ಷಣ ಸುತ್ತ ನೋಡಿದಳು. ನೇರವಾಗಿ ಗಂಡನ ಹತ್ತಿರ ಬಂದಳು.

ಜಗದೇವಿ: ಗಾಡಿ ಮಾರಿ ಪೆಂಡಾಲ್ ಕಡೆ ತಿರಗಸ್ರಿ. ಪ್ರೀತಿ ಮುಂದ ತಂದು ನಿಲ್ಲಿಸಿ ಬಾನೆಟ್ ತೆರೀರಿ. ಫ್ಯಾನ್ ಹಚ್ಚರಿ.

ಅಂಬರೇಶ: ಏ, ಅದು... ಅದು ಇಂಜಿನ್ ಫ್ಯಾನ್...

ಜಗದೇವಿ: ಮಾರಿಗೆ ಗಾಳಿ ಬರ್ತದೋ ಇಲ್ಲೋ?

ಅಂಬರೇಶ ಪೆಂಡಾಲಿನ ಕಂಬಕ್ಕೆ ಒರಗಿ ನಿಂತಿದ್ದ ಭಾಗಣ್ಣನನ್ನು ನೋಡಿದ. ಫ್ಯಾನು ಹಚ್ಚಿದರೆ ಜೀಪು ಓಡಿಸುವವನಿಗೆ ಎಲ್ಲ ಒಂದೇ ನೋಟಕ್ಕೆ ತಿಳಿಯುತ್ತದೆ. ಆಮೇಲೆ ಪ್ರೀತಿಯ ಮುಖ ನೋಡಿದ. ಮಾನ ಹೋದರೆ ಹೋಗಲಿ ಎಂದು ಗಾಡಿ ತಿರುಗಿಸಿದ. ಇಂಜಿನ್ ಬಂದ್ ಮಾಡಿ ಬಟನ್ ಒತ್ತಿದ.

ಮೊದಲು ಒಲೆಯ ಬಾಯಿ ತೆಗೆದಂತೆ ಬಿಸಿಗಾಳಿ ಬಂತು. ಹೆಂಗಸರು, 'ಅಯ್ಯಯ್ಯ' ಎಂದು ಸೆರಗು ಮುಚ್ಚಿಕೊಂಡರು. ಸ್ವಲ್ಪ ಹೊತ್ತಿಗೆ ರೇಡಿಯೇಟರ್ ಆರಿತು, ಗಾಳಿ ಹಿತವಾಯಿತು. ಪ್ರೀತಿಯ ಮುಂಗುರುಳು ಹಾರಿದವು. ಅವಳು ಕಣ್ಣು ತೆರೆದು ನಕ್ಕಳು. ಜಗದೇವಿ ಮೊದಲ ಉಡಿ ತುಂಬಿದಳು, ತುಂಬುವಾಗ ಅವಳ ಕಣ್ಣೂ ತುಂಬಿತು.

ಭೀಮಮ್ಮ: ಎಲ್ಲಾರ ಗಾಡಿ ಮಂದಿನ್ನ ಹೊರತಾವ. ನನ್ನ ಅಳಿಯಂದ್ರ ಗಾಡಿ ನೋಡ್ರಿ, ಗಾಳೀನೂ ಹಾಕ್ತದ. ಬಸುರಿ ಹೆಣ್ಮಗಳು ಅಂತ ಮೊದಲೇ ವಿಚಾರ ಮಾಡಿ ವೈರಿಂಗ್ ಮಾಡ್ಯಾರ!

ಬೀಗಿತ್ತಿ: ಇಂಥ ಅಳಿಯ ಸಿಗಬೇಕಂದ್ರ ಪುಣ್ಯಾ ಮಾಡಿರಬೇಕ್ರಿ.

ಭಾಗಣ್ಣ ಗಾಡಿಯ ಮುಂದೆ ಬಂದು ಬಗ್ಗಿದ. ಕೈ ಚಾಚಿ ಗಾಳಿ ನೋಡಿದ. ಅವನ ಹುಬ್ಬು ಮೇಲೆ ಹೋಯಿತು.

ಭಾಗಣ್ಣ: ಮಾಮಾ, ಈ ಫ್ಯಾನ್...

ಭೀಮಮ್ಮ: ಏ ಭಾಗಣ್ಣ, ನೋಡಿ ಕಲಿ. ಇಷ್ಟು ವರ್ಷ ಜೀಪ್ ಓಡಸ್ತಿ, ಒಂದು ಸಲರ ನಿನ್ನ ಗಾಡಿಯಿಂದ ನನಗ ತಂಪು ಗಾಳಿ ಬಂದದೇನು?

ಭಾಗಣ್ಣ ಬಾಯಿ ತೆರೆದ. ತಾಯಿಯನ್ನು ನೋಡಿ ಮುಚ್ಚಿದ. ಅಂಬರೇಶನ ಕಿವಿಯ ಹತ್ತಿರ ಬಂದ.

ಭಾಗಣ್ಣ: ಮಾಮಾ, ಉಲ್ಟಾ ತಿರಗಾಕತ್ತದ.

ಅಂಬರೇಶ: ಗೊತ್ತದ. ಊಟ ಆಗೋತನ ಸುಮ್ಮಕಿರಪ್ಪ, ನಿನ್ನ ಕೈ ಮುಗೀತೀನಿ.

ಆರತಿಯಾಯಿತು. ಹಾಡಾಯಿತು. ಎಲೆ ಹಾಕಿದ್ದಾರೆಂದು ಎಲ್ಲರೂ ಹಿತ್ತಲಿಗೆ ನಡೆದರು. ಅಂಬರೇಶನನ್ನು ಹಿರಿಯರ ಸಾಲಿನಲ್ಲಿ ಕೂಡಿಸಿ, ಬೇಡವೆಂದರೂ ಹೋಳಿಗೆಯ ಮೇಲೆ ಹೋಳಿಗೆ ಬಡಿಸಿದರು. ಊಟವಾದ ಮೇಲೆ ಎಲೆ ಅಡಿಕೆ, ಎಲೆ ಅಡಿಕೆಯಾದ ಮೇಲೆ ಬೀಗರೊಂದಿಗೆ ಕಾರ್ಖಾನೆಯ ದೊಡ್ಡ ಮೋಟರುಗಳ ವಿಷಯ. ಅದನ್ನು ಅವನು ಗಂಟೆಗಟ್ಟಲೆ ಹೇಳಬಲ್ಲ, ಹೇಳಿದ.

ಬಿಸಿಲು ಇಳಿದ ಮೇಲೆ ಹೊರಡಲೆಂದು ಹೊರಗೆ ಬಂದರೆ ಪೆಂಡಾಲು ಖಾಲಿ. ಖಾಲಿ ಕುರ್ಚಿಗಳ ಮುಂದೆ ಕಾರಿನ ಫ್ಯಾನು ಕಡೆಯ ಉಸಿರಿನಲ್ಲಿ ಒಂದೊಂದೇ ಸುತ್ತು ಹಾಕುತ್ತಿತ್ತು. ಅಂಬರೇಶ ಓಡಿಹೋಗಿ ಒಳಗೆ ಕೂತು ಚಾವಿ ತಿರುಗಿಸಿದ. 'ಟಿಕ್' ಎಂದಿತು. ಮತ್ತೆ ತಿರುಗಿಸಿದ. ಆ ಟಿಕ್ಕೂ ಇಲ್ಲ. ಬ್ಯಾಟರಿ ಪೂರಾ ಕುಂತಿತ್ತು.

ಭಾಗಣ್ಣ ಅಂಗಿಯ ತೋಳು ಮಡಚಿದ. ಅವನ ಹಿಂದೆ ಬೀಗರ ಕಡೆಯ ಗಂಡಸರೂ ಬಂದರು. ಎಲ್ಲರ ಮುಖದಲ್ಲಿ ಹೋಳಿಗೆ ತಿಂದವರ ಉತ್ಸಾಹವಿತ್ತು. ಕಾರಿನ ಹಿಂದೆ ಕೈಗಳು ಕೂಡಿದವು. ಭೀಮಮ್ಮ ಕಿಟಕಿಯ ಹತ್ತಿರ ಬಂದಳು.

ಭೀಮಮ್ಮ: ಅಳಿಯಂದ್ರ, ಬರೋವಾಗ ಗಾಡಿ ಮ್ಯಾಲೆ ಬಂದ್ರಿ. ಹೋಗೋವಾಗ ಗಾಡಿ ಒಯ್ಯಾಕತ್ತೀರಿ.

ಅಂಬರೇಶ ಸ್ಟೇರಿಂಗು ಹಿಡಿದು, ಹೋದ ಬಾರಿಯಂತೆಯೇ ಗಂಭೀರವಾಗಿ ಮುಂದೆ ನೋಡುತ್ತ ಕೂತ. ಪಕ್ಕದಲ್ಲಿ ಜಗದೇವಿ ಕುಬಸದ ಬುತ್ತಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಹಿಂದಿನಿಂದ 'ಐಸಾ' ಎಂದು ಕೂಗೆದ್ದು ಗಾಡಿ ಮೆಲ್ಲಗೆ ಸರಿಯಿತು.

ಅಂಬರೇಶ: ಜಗದೇವಿ, ಒಂದು ಮಾತು. ಆ ಫ್ಯಾನ್ ಮೊದಲಿಂದ ಉಲ್ಟಾ ಇತ್ತು. ನಂದೇ ತಪ್ಪು.

ಜಗದೇವಿ: ಗೊತ್ತದ್ರಿ. ಹಾಜಿಸಾಬರ ಟವೆಲ್ ನನಗೂ ಕಂಡದ.

ಅಂಬರೇಶ: ಮತ್ತ ಯಾಕ ಹೇಳಲಿಲ್ಲ?

ಜಗದೇವಿ: ನೀವು ಹೇಳ್ತೀರೇನು ಅಂತ ದಾರಿ ನೋಡಾಕತ್ತಿದ್ದೆ. ಹೆಂಡತಿ ಮಾತಿಗೆ ಕಿಮ್ಮತ್ತು ಅಂದಾಗಂತೂ ನಗು ತಡಕೊಂಡು ತಡಕೊಂಡು ಪಕ್ಕಡಿ ನೋವು ಬಂತು.

ಗಾಡಿ ಓಣಿಯ ಅರ್ಧಕ್ಕೆ ಬಂದಿತ್ತು. ಎರಡೂ ಬದಿಯ ಕಟ್ಟೆಗಳ ಮೇಲೆ ಮಂದಿ ಎದ್ದು ನಿಂತು ನೋಡುತ್ತಿದ್ದರು.

ಅಂಬರೇಶ: ಅದು ಇರಲಿ. ಊಟಕ್ಕ ಹೋಗೋವಾಗ ಪೆಂಡಾಲ್ ಖಾಲಿ ಆಗಿದ್ದು ಕಂಡಿತ್ತೋ ಇಲ್ಲೋ ನಿನಗ?

ಜಗದೇವಿ: ಕಂಡಿತ್ತು. ಖಾಲಿ ಕುರ್ಚಿಗೆ ಗಾಳಿ ಬೀಸಾಕತ್ತಿತ್ತು. ಹೊಟ್ಟ್ಯಾಗ ಭಾಳ ಸಂಕಟ ಆತು. ಹೋಳಿಗಿ ಸೇರಲಿಲ್ಲ ನನಗ.

ಅಂಬರೇಶ: ನಿದ್ದಿಗಣ್ಣಾಗೂ ಫ್ಯಾನ್ ಬಂದ್ ಮಾಡಾಕಿ ನೀ, ಈ ಒಂದು ಬಟನ್ ಬಂದ್ ಮಾಡಾಕ ಏನಾಗಿತ್ತು?

ಜಗದೇವಿ: ನೀವೇ ಆಣಿ ಹಾಕಿಸಿದ್ರಿ, ಮುಟ್ಟಬ್ಯಾಡ ಅಂತ. ಮದವಿ ಆದ ಮ್ಯಾಲೆ ನಿಮ್ಮ ಮಾತು ಕೇಳಿದ್ದು ಇದೇ ಮೊದಲನೇ ಸಲ. ಏನಾತು ನೋಡ್ರಿ.